ಕಂಟ್ರಿ ರಾಕ್ ಮತ್ತು ರೂಟ್ಸ್ ರಾಕ್: ಎರಡು ತಿಟ್ಟುಗಳ ಹೋಲಿಕೆ

ಯಕ್ಷಗಾನ ನೋಡಿ ಬೆಳೆದವರಿಗೆ ‘ತಿಟ್ಟು’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಡುಪಿಯಿಂದ ಉತ್ತರಕ್ಕೆ ಬಡಗುತಿಟ್ಟು, ದಕ್ಷಿಣಕ್ಕೆ ತೆಂಕುತಿಟ್ಟು. ಎರಡಕ್ಕೂ ಪುರಾಣದ ಕಥೆಯೇ ಆಧಾರ. ಆದರೆ ಚೆಂಡೆಯ ಆಕಾರ, ವೇಷದ ಕಟ್ಟು, ಕುಣಿತದ ಹೆಜ್ಜೆ, ಭಾಗವತರು ಪದ ಎತ್ತುವ ಬಗೆ ಇವೆಲ್ಲ ಬೇರೆ. ಆಗುಂಬೆ ಘಾಟಿಯ ಬುಡದಲ್ಲಿರುವ ಹೆಬ್ರಿಯ ಪ್ರೇಕ್ಷಕರಿಗೆ ಸಮೀಪದ ಪೆರ್ಡೂರು ಮೇಳದ ಬಡಗಿನ ಆಟವೂ ಗೊತ್ತು, ದಕ್ಷಿಣದ ಮೇಳಗಳ ತೆಂಕಿನ ಆಟವೂ ಗೊತ್ತು. ಅವರು ಕಣ್ಣು ಮುಚ್ಚಿ ಕುಳಿತರೂ ಚೆಂಡೆಯ ಪೆಟ್ಟಿನಿಂದಲೇ ತಿಟ್ಟನ್ನು ಗುರುತಿಸಬಲ್ಲರು.

ಅಮೆರಿಕದ ಸಂಗೀತದಲ್ಲಿ ಇಂತಹುದೇ ಒಂದು ತಿಟ್ಟುಭೇದವಿದೆ. ಒಂದರ ಹೆಸರು ಕಂಟ್ರಿ ರಾಕ್, ಇನ್ನೊಂದರ ಹೆಸರು ರೂಟ್ಸ್ ರಾಕ್. ಎರಡೂ ಹಳ್ಳಿಗಾಡಿನ ಹಾಡಿನಿಂದ ಹುಟ್ಟಿದವು. ಎರಡಕ್ಕೂ ವಿದ್ಯುತ್ ಗಿಟಾರ್ ಮತ್ತು ಡ್ರಮ್‌ಗಳೇ ಹಿಮ್ಮೇಳ. ನಮ್ಮ ನಗರಗಳ ಕೇಳುಗರು ಅನೇಕ ವೇಳೆ ಎರಡನ್ನೂ ಒಂದೇ ಎಂದು ಭಾವಿಸುವುದುಂಟು. ಈ ಪ್ರಕಾರಗಳ ಪ್ರಮುಖ ತಂಡಗಳನ್ನು ಹೋಲಿಸಿ, ಕರ್ನಾಟಕದಲ್ಲಿ ನಡೆದಿರುವ ಇಂತಹುದೇ ಯತ್ನಗಳನ್ನು ಅವುಗಳ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ. ಹಾಡು ಹಳ್ಳಿಯಿಂದ ವೇದಿಕೆಗೆ ಬಂದಾಗ ಅದರ ಹೆಸರೂ ಹಣವೂ ಯಾರಿಗೆ ಸೇರುತ್ತವೆ ಎಂಬ ಪ್ರಶ್ನೆ ಎರಡೂ ಕಡೆ ಒಂದೇ ಆಗಿರುವುದು ಈ ಹೋಲಿಕೆಗೆ ಮತ್ತೊಂದು ಕಾರಣ.

ಬೇರು ಯಾವುದು?

ಅಮೆರಿಕದ ‘ಕಂಟ್ರಿ’ ಸಂಗೀತವನ್ನು ಬಿಳಿಯರ ಹಳ್ಳಿ ಹಾಡು ಎಂದು ಕರೆಯುವ ವಾಡಿಕೆಯಿದೆ. ವಾಸ್ತವ ಅಷ್ಟು ಸರಳವಾಗಿಲ್ಲ. ಅಪಲೇಚಿಯನ್ ಬೆಟ್ಟಸಾಲಿನಲ್ಲಿ ನೆಲೆಸಿದ ಬ್ರಿಟನ್ ಮತ್ತು ಐರ್ಲೆಂಡ್ ಮೂಲದ ಜನರು ಕಥನಗೀತೆಗಳನ್ನೂ ಪಿಟೀಲನ್ನೂ ತಂದರು. ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಾದ್ಯ. ಕಂಟ್ರಿ ಹಾಡಿಗೆ ಅಳುವ ದನಿ ಕೊಡುವ ಸ್ಟೀಲ್ ಗಿಟಾರ್ ಹವಾಯಿ ದ್ವೀಪಗಳಿಂದ ಬಂದದ್ದು. ಅದೇ ಹವಾಯಿ ಗಿಟಾರ್ ಭಾರತಕ್ಕೂ ಬಂದು, ಮುಂದೆ ವಿಶ್ವಮೋಹನ ಭಟ್ಟರ ಕೈಯಲ್ಲಿ ಮೋಹನ ವೀಣೆಯಾಯಿತು.

1927ರಲ್ಲಿ ರಾಲ್ಫ್ ಪೀರ್ ಎಂಬ ಧ್ವನಿಮುದ್ರಣಕಾರ ಟೆನೆಸಿ ರಾಜ್ಯದ ಗಡಿ ಪಟ್ಟಣವಾದ ಬ್ರಿಸ್ಟಲ್‌ನಲ್ಲಿ ಸ್ಥಳೀಯ ಗಾಯಕರನ್ನು ಕರೆಸಿ ಹಾಡಿಸಿದರು. ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಜರ್ಸ್ ಬೆಳಕಿಗೆ ಬಂದದ್ದು ಅಲ್ಲಿಯೇ. ಮುಂದೆ ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಬೆಟ್ಟದ ಹಳ್ಳಿಗಳಲ್ಲಿ ಅಲೆದು ಹಾಡುಗಳನ್ನು ಸಂಗ್ರಹಿಸಿದರು. ಅವರ ಜೊತೆಯಲ್ಲಿ ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕರಿದ್ದರು. ಕಾರ್ಟರ್ ಮಾತುಗಳನ್ನು ಬರೆದುಕೊಂಡರೆ, ರಿಡಲ್ ಧಾಟಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಹಾಡುಗಳ ಮೇಲೆ ಕಾರ್ಟರ್ ಹೆಸರು ಬಂದಿತು. ರಿಡಲ್ ಹೆಸರು ಬಹುಕಾಲ ಮರೆಯಲ್ಲಿಯೇ ಉಳಿಯಿತು.

1950ರ ದಶಕದಲ್ಲಿ ಕಪ್ಪು ಜನರ ರಿದಮ್ ಅಂಡ್ ಬ್ಲೂಸ್ ಮತ್ತು ಬಿಳಿಯರ ಕಂಟ್ರಿ ಬೆರೆತು ರಾಕ್ ಅಂಡ್ ರೋಲ್ ಆಯಿತು. ಅಂದರೆ ರಾಕ್‌ನಲ್ಲಿ ಹಳ್ಳಿ ಹಾಡು ಆರಂಭದಿಂದಲೇ ಇತ್ತು. 1967ರ ವೇಳೆಗೆ ರಾಕ್ ತಂಡಗಳು ಯಂತ್ರಗಳ ಮೂಲಕ ಶಬ್ದವನ್ನು ತಿರುಚುವ, ದೀರ್ಘ ವಾದನದ ದಾರಿ ಹಿಡಿದಿದ್ದವು. ಅದಕ್ಕೆ ಪ್ರತಿಯಾಗಿ ಕೆಲವರು ಹಳೆಯ ಸರಳತೆಯ ಕಡೆಗೆ ತಿರುಗಿದರು. ಬಾಬ್ ಡಿಲನ್ 1967ರ ಡಿಸೆಂಬರ್‌ನಲ್ಲಿ ಹೊರತಂದ ‘ಜಾನ್ ವೆಸ್ಲಿ ಹಾರ್ಡಿಂಗ್’ ಈ ತಿರುವಿನ ಮುನ್ಸೂಚನೆಯಾಯಿತು. ಮರುವರ್ಷ ಎರಡೂ ತಿಟ್ಟುಗಳು ಸ್ಪಷ್ಟ ರೂಪ ತಳೆದವು.

ಬರ್ಡ್ಸ್: ಮೊದಲ ಹೆಜ್ಜೆ

ಲಾಸ್ ಏಂಜಲಿಸ್‌ನಲ್ಲಿ 1964ರಲ್ಲಿ ಆರಂಭವಾದ ಬರ್ಡ್ಸ್ ತಂಡ ಡಿಲನ್ ಅವರ ಗೀತೆಗಳಿಗೆ ವಿದ್ಯುತ್ ಗಿಟಾರ್ ಹೊಂದಿಸಿ ಹೆಸರಾಗಿತ್ತು. 1968ರಲ್ಲಿ ಗ್ರ್ಯಾಮ್ ಪಾರ್ಸನ್ಸ್ ತಂಡ ಸೇರಿದ ನಂತರ ಅದರ ದಿಕ್ಕು ಬದಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ’ ಕಂಟ್ರಿ ರಾಕ್‌ನ ಮೂಲಗ್ರಂಥವೆಂದು ಇಂದು ಪರಿಗಣಿತವಾಗಿದೆ.

ಬರ್ಡ್ಸ್ ವಿಧಾನ ನೇರವಾದದ್ದು. ಕಂಟ್ರಿಯ ರಾಜಧಾನಿ ನ್ಯಾಶ್‌ವಿಲ್‌ಗೆ ಹೋಗಿ, ಅಲ್ಲಿಯ ಪೆಡಲ್ ಸ್ಟೀಲ್ ವಾದಕರನ್ನು ಜೊತೆಗೆ ಕೂರಿಸಿಕೊಂಡು, ಹಳೆಯ ಹಾಡುಗಳನ್ನು ಬಹುಮಟ್ಟಿಗೆ ಹಳೆಯ ಧಾಟಿಯಲ್ಲಿಯೇ ಹಾಡಿದರು. ಪರಿಣಾಮ ಮಾತ್ರ ಉತ್ಸಾಹದಾಯಕವಾಗಿರಲಿಲ್ಲ. 1968ರ ಮಾರ್ಚ್‌ನಲ್ಲಿ ಕಂಟ್ರಿಯ ಪ್ರತಿಷ್ಠಿತ ವೇದಿಕೆಯಾದ ಗ್ರ್ಯಾಂಡ್ ಓಲ್ ಆಪ್ರಿಯಲ್ಲಿ ಹಾಡಿದಾಗ ಸಭಿಕರ ಅಸಮ್ಮತಿ ಎದುರಾಯಿತು. ವಿಯೆಟ್ನಾಂ ಯುದ್ಧದ ಆ ಕಾಲದಲ್ಲಿ ಉದ್ದ ಕೂದಲಿನ ತರುಣರನ್ನು ಕಂಟ್ರಿಯ ಶ್ರೋತೃಗಳು ತಮ್ಮವರೆಂದು ಒಪ್ಪಲಿಲ್ಲ. ರಾಕ್ ಕೇಳುಗರಿಗೆ ಕಂಟ್ರಿ ಹಳೆಯ ತಲೆಗಳ ಸಂಗೀತವಾಗಿ ಕಂಡಿತು. ಪಾರ್ಸನ್ಸ್ ಕೆಲವೇ ತಿಂಗಳಲ್ಲಿ ತಂಡ ತೊರೆದರು.

ಫ್ಲೈಯಿಂಗ್ ಬರಿಟೊ ಬ್ರದರ್ಸ್: ಬೆರಕೆಯ ಧೈರ್ಯ

ಪಾರ್ಸನ್ಸ್ ಮತ್ತು ಬರ್ಡ್ಸ್‌ನ ಇನ್ನೊಬ್ಬ ಸದಸ್ಯ ಕ್ರಿಸ್ ಹಿಲ್‌ಮನ್ ಸೇರಿ ಕಟ್ಟಿದ ಈ ತಂಡದ ಮೊದಲ ಆಲ್ಬಮ್ ‘ದಿ ಗಿಲ್ಡೆಡ್ ಪ್ಯಾಲೇಸ್ ಆಫ್ ಸಿನ್’ 1969ರಲ್ಲಿ ಬಂದಿತು. ಬರ್ಡ್ಸ್ ಹಳೆಯದನ್ನು ಗೌರವದಿಂದ ಉಳಿಸಿಕೊಂಡರೆ, ಬರಿಟೊ ಬಳಗ ಅದನ್ನು ಕದಡಿತು. ‘ಸ್ನೀಕಿ’ ಪೀಟ್ ಕ್ಲೈನೊ ತಮ್ಮ ಪೆಡಲ್ ಸ್ಟೀಲ್‌ಗೆ ರಾಕ್ ಗಿಟಾರ್‌ನ ಕರ್ಕಶ ನಾದ ಕೊಟ್ಟರು. ಕಪ್ಪು ಗಾಯಕರ ಸೋಲ್ ಹಾಡುಗಳನ್ನು ಕಂಟ್ರಿಯ ಧಾಟಿಯಲ್ಲಿ ಹಾಡಿದರು. ಮಾರಾಟ ಅತ್ಯಲ್ಪ, ಪ್ರಭಾವ ಅಪಾರ. ಪಾರ್ಸನ್ಸ್ 1973ರಲ್ಲಿ 26ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಜೊತೆಗಾಯಕಿ ಎಮ್ಮಿಲೂ ಹ್ಯಾರಿಸ್ ಆ ಪರಂಪರೆಯನ್ನು ಮುಂದುವರಿಸಿದರು.

ಈಗಲ್ಸ್: ಮಾರುಕಟ್ಟೆಯ ಗೆಲುವು

1971ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ರೂಪುಗೊಂಡ ಈಗಲ್ಸ್ ತಂಡಕ್ಕೆ ಹಿಂದಿನವರ ಅನುಭವವೇ ಬಂಡವಾಳ. ಬರ್ನಿ ಲೆಡನ್ ಬರಿಟೊ ಬಳಗದಿಂದ ಬಂದವರು. ರ‍್ಯಾಂಡಿ ಮೈಸ್ನರ್ ಅದೇ ಹಾದಿಯ ‘ಪೋಕೊ’ ತಂಡದಲ್ಲಿದ್ದವರು. ಗ್ಲೆನ್ ಫ್ರೇ ಮತ್ತು ಡಾನ್ ಹೆನ್ಲಿ ಗಾಯಕಿ ಲಿಂಡಾ ರಾನ್‌ಸ್ಟಾಟ್ ಅವರ ಹಿಮ್ಮೇಳದಲ್ಲಿದ್ದವರು. ಹಲವು ಕಂಠಗಳ ಇಂಪಾದ ಮೇಳ, ಸ್ವಚ್ಛವಾದ ಧ್ವನಿಮುದ್ರಣ, ಹಗುರವಾದ ಕಂಟ್ರಿ ಲೇಪ ಇದು ಅವರ ಸೂತ್ರ.

1976ರಲ್ಲಿ ಬಂದ ಅವರ ಆಯ್ದ ಗೀತೆಗಳ ಸಂಕಲನಕ್ಕೆ 2018ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘವು 3 ಕೋಟಿ 80 ಲಕ್ಷ ಪ್ರತಿಗಳ ಮನ್ನಣೆ ನೀಡಿತು. ಆದರೆ ಜನಪ್ರಿಯತೆ ಏರಿದಂತೆ ಬ್ಯಾಂಜೊ ಹಿಂದೆ ಸರಿಯಿತು. ಲೆಡನ್ ತಂಡ ಬಿಟ್ಟರು, ರಾಕ್ ಗಿಟಾರ್ ವಾದಕ ಜೋ ವಾಲ್ಶ್ ಬಂದರು. 1976ರ ಡಿಸೆಂಬರ್‌ನ ‘ಹೋಟೆಲ್ ಕ್ಯಾಲಿಫೋರ್ನಿಯಾ’ ವೇಳೆಗೆ ಕಂಟ್ರಿಯ ಅಂಶ ಬಹುಮಟ್ಟಿಗೆ ಕರಗಿತ್ತು.

ದಿ ಬ್ಯಾಂಡ್: ಬೇರಿನಿಂದ ಹೊಸ ಚಿಗುರು

ರೂಟ್ಸ್ ರಾಕ್ ಎಂಬ ಹೆಸರು ಬಳಕೆಗೆ ಬಂದದ್ದು ತಡವಾಗಿ. ಆದರೆ ಅದರ ಮಾದರಿ 1968ರಲ್ಲಿಯೇ ಸಿದ್ಧವಾಗಿತ್ತು. ಆ ವರ್ಷದ ಜುಲೈಯಲ್ಲಿ ‘ಮ್ಯೂಸಿಕ್ ಫ್ರಮ್ ಬಿಗ್ ಪಿಂಕ್’ ಹೊರತಂದ ತಂಡದ ಹೆಸರು ಬರಿಯ ‘ದಿ ಬ್ಯಾಂಡ್’. ಐವರಲ್ಲಿ ನಾಲ್ವರು ಕೆನಡಾದವರು. ಡ್ರಮ್ ಬಾರಿಸುತ್ತ ಹಾಡುತ್ತಿದ್ದ ಲೆವನ್ ಹೆಲ್ಮ್ ಮಾತ್ರ ಅಮೆರಿಕದ ದಕ್ಷಿಣದ ಆರ್ಕನ್ಸಾ ರಾಜ್ಯದ ಕೃಷಿಕ ಕುಟುಂಬದವರು. ಹಿಂದೆ ಡಿಲನ್ ಅವರಿಗೆ ಹಿಮ್ಮೇಳ ಒದಗಿಸಿದ್ದವರು ಇವರೇ.

ಕಂಟ್ರಿ, ಬ್ಲೂಸ್, ಚರ್ಚಿನ ಗಾಸ್ಪೆಲ್ ಹಾಡು, ನ್ಯೂ ಆರ್ಲಿಯನ್ಸ್‌ನ ಕಹಳೆಯ ಮೇಳ ಇವೆಲ್ಲವನ್ನೂ ಇವರು ಅರಗಿಸಿಕೊಂಡಿದ್ದರು. ಯಾವುದನ್ನೂ ಇದ್ದಂತೆಯೇ ಹಾಡದೆ, ಅವುಗಳಿಂದ ಹೊಸ ಹಾಡು ಕಟ್ಟಿದರು. ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಬಡವನೊಬ್ಬನ ಬಾಯಿಂದ ಹೇಳಿಸಿದ 1969ರ ಅವರ ಹಾಡನ್ನು ನೂರು ವರ್ಷ ಹಳೆಯದೆಂದು ನಂಬುವವರಿದ್ದರು. ಮೂವರು ಗಾಯಕರು, ಅಕಾರ್ಡಿಯನ್ ಮತ್ತು ಸ್ಯಾಕ್ಸೊಫೋನ್ ಎರಡನ್ನೂ ನುಡಿಸಬಲ್ಲ ಗಾರ್ತ್ ಹಡ್ಸನ್, ವಾದ್ಯ ಬದಲಿಸಿಕೊಳ್ಳುವ ಸದಸ್ಯರು ಈ ತಂಡದ ವೈಶಿಷ್ಟ್ಯ. 1976ರ ನವೆಂಬರ್ 25ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನಡೆದ ಬೀಳ್ಕೊಡುಗೆಯ ಕಛೇರಿ, ಮಾರ್ಟಿನ್ ಸ್ಕಾರ್ಸಿಸಿ ನಿರ್ದೇಶನದಲ್ಲಿ ‘ದಿ ಲಾಸ್ಟ್ ವಾಲ್ಟ್ಜ್’ ಚಿತ್ರವಾಯಿತು. ಐವರಲ್ಲಿ ಕೊನೆಯವರಾದ ಹಡ್ಸನ್ 2025ರ ಜನವರಿಯಲ್ಲಿ ನಿಧನರಾದರು.

ಕ್ರೀಡೆನ್ಸ್: ಕಾಣದ ನಾಡಿನ ಹಾಡು

ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡದ ಹಾಡು ಕೇಳಿದವರು ಅದನ್ನು ಲೂಸಿಯಾನಾದ ಜವುಗು ನಾಡಿನ ಕೂಸು ಎಂದೇ ತಿಳಿಯುತ್ತಾರೆ. ನಾಲ್ವರೂ ಕ್ಯಾಲಿಫೋರ್ನಿಯಾದ ಎಲ್ ಸೆರಿಟೊ ಎಂಬ ಪಟ್ಟಣದವರು. ಜಾನ್ ಫಾಗರ್ಟಿ ಆ ನಾಡನ್ನು ರೆಕಾರ್ಡು, ರೇಡಿಯೊ ಮತ್ತು ಕಲ್ಪನೆಯ ಮೂಲಕವೇ ಕಟ್ಟಿಕೊಂಡರು. 1969 ಒಂದೇ ವರ್ಷದಲ್ಲಿ ಮೂರು ಆಲ್ಬಮ್‌ಗಳು ಬಂದವು. ಚಿಕ್ಕ ಹಾಡು, ಬಿಗಿಯಾದ ತಾಳ, ಒರಟು ಕಂಠ, ನೇರ ಮಾತು ಇವರ ಗುಣ. ಶ್ರೀಮಂತರ ಮಕ್ಕಳು ಯುದ್ಧದಿಂದ ತಪ್ಪಿಸಿಕೊಂಡು ಬಡವರ ಮಕ್ಕಳು ವಿಯೆಟ್ನಾಂಗೆ ಹೋಗುವುದನ್ನು ಖಂಡಿಸಿದ ಅವರ ಹಾಡು ಇಂದಿಗೂ ಜೀವಂತವಾಗಿದೆ. ಒಳಜಗಳದಿಂದ 1972ರಲ್ಲಿ ತಂಡ ಒಡೆಯಿತು.

ಹೋಲಿಕೆಯ ನಾಲ್ಕು ಅಳತೆಗಳು

ಮೂಲ: ಕಂಟ್ರಿ ರಾಕ್‌ಗೆ ಒಂದೇ ಮುಖ್ಯ ಮೂಲ, ಅದು ಕಂಟ್ರಿ. ರೂಟ್ಸ್ ರಾಕ್‌ಗೆ ಹಲವು. ಅದರಲ್ಲಿ ಕಪ್ಪು ಜನರ ಬ್ಲೂಸ್ ಮತ್ತು ಗಾಸ್ಪೆಲ್‌ಗೆ ಸಮಾನ ಪಾಲು.

ವಾದ್ಯ: ಪೆಡಲ್ ಸ್ಟೀಲ್, ಬ್ಯಾಂಜೊ ಮತ್ತು ಬಹುಕಂಠದ ಗಾಯನ ಕೇಳಿದರೆ ಅದು ಬಹುತೇಕ ಕಂಟ್ರಿ ರಾಕ್. ಪಿಯಾನೊ, ಆರ್ಗನ್, ಒರಟು ಗಿಟಾರ್ ಮತ್ತು ಭಾರವಾದ ತಾಳ ಮುಂದಿದ್ದರೆ ರೂಟ್ಸ್ ರಾಕ್.

ಮಾತು: ಕಂಟ್ರಿ ರಾಕ್‌ನಲ್ಲಿ ಪ್ರೇಮ, ವಿರಹ, ರಸ್ತೆ, ಊರಿನ ನೆನಪು ಹೆಚ್ಚು. ರೂಟ್ಸ್ ರಾಕ್‌ನಲ್ಲಿ ಪಾತ್ರಗಳು, ಇತಿಹಾಸ, ದುಡಿಯುವವರ ಬವಣೆ ಹೆಚ್ಚು.

ಬೇರಿನೊಂದಿಗೆ ನಡವಳಿಕೆ: ಬರ್ಡ್ಸ್ ಇದ್ದುದನ್ನು ಹಾಡಿದರು, ಬರಿಟೊ ಬಳಗ ಬೆರೆಸಿತು, ಈಗಲ್ಸ್ ನಯಗೊಳಿಸಿ ಮಾರಿತು, ದಿ ಬ್ಯಾಂಡ್ ಮತ್ತು ಕ್ರೀಡೆನ್ಸ್ ಅದೇ ಮಣ್ಣಿನಿಂದ ಹೊಸದನ್ನು ಬೆಳೆದವು. ಈ ಪಟ್ಟಿಗೆ ನಿಟಿ ಗ್ರಿಟಿ ಡರ್ಟ್ ಬ್ಯಾಂಡ್ ಎಂಬ ತಂಡವನ್ನೂ ಸೇರಿಸಬೇಕು. ಈ ತರುಣರು 1971ರಲ್ಲಿ ನ್ಯಾಶ್‌ವಿಲ್‌ಗೆ ಹೋಗಿ, ಕಾರ್ಟರ್ ಕುಟುಂಬದ ಮೇಬೆಲ್ ಕಾರ್ಟರ್, ಬ್ಯಾಂಜೊ ವಾದಕ ಅರ್ಲ್ ಸ್ಕ್ರಗ್ಸ್, ಅಂಧ ಗಿಟಾರ್ ವಾದಕ ಡಾಕ್ ವಾಟ್ಸನ್ ಮೊದಲಾದ ಹಿರಿಯರನ್ನು ಮುಂದೆ ಕೂರಿಸಿ ತಾವು ಪಕ್ಕವಾದ್ಯ ನುಡಿಸಿದರು. 1972ರಲ್ಲಿ ಬಂದ ಆ ಮೂರು ತಟ್ಟೆಗಳ ಆಲ್ಬಮ್‌ನ ಮೇಲೆ ಹಿರಿಯರ ಹೆಸರುಗಳೂ ಅಚ್ಚಾಗಿದ್ದವು. ಮೂಲದವರನ್ನೇ ವೇದಿಕೆಗೆ ತಂದ ಉದಾಹರಣೆಯಾಗಿ ಅದು ಇಂದಿಗೂ ಉಳಿದಿದೆ.

ಕರ್ನಾಟಕದ ಪ್ರಯೋಗಗಳು

ಮೇಲಿನ ಅಳತೆಗಳನ್ನು ಹಿಡಿದು ಕರ್ನಾಟಕದ ಕಡೆ ನೋಡಿದರೆ ಮೊದಲು ಎದುರಾಗುವ ಹೆಸರು ಶಿಶುನಾಳ ಷರೀಫರದು. ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಷರೀಫರ ತತ್ವಪದಗಳು ಬಹುಕಾಲ ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಹರಿದವು. ಸಿ. ಅಶ್ವತ್ಥ್ ಅವರು ಅವುಗಳನ್ನು ಸುಗಮ ಸಂಗೀತಕ್ಕೆ ತಂದರು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೆ ಸಂಗೀತ ನೀಡಿದವರೂ ಅವರೇ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಸೇರಿದ ಜನಸಾಗರ ಕನ್ನಡದ ಭಾವಗೀತೆಗೂ ತತ್ವಪದಕ್ಕೂ ಇರುವ ಬಲವನ್ನು ತೋರಿಸಿತು. ಅದು ರಾಕ್ ಆಗಿರಲಿಲ್ಲ. ಆದರೆ ರಾಕ್ ತಂಡಗಳಿಗೆ ನೆಲ ಹದ ಮಾಡಿತು.

ಮೈಸೂರಿನಲ್ಲಿ ಬೆಳೆದ, ಭರತನಾಟ್ಯ ಕಲಿತ, ಸೂಕ್ಷ್ಮಜೀವಶಾಸ್ತ್ರದ ಸ್ನಾತಕೋತ್ತರ ಪದವೀಧರ ರಘು ದೀಕ್ಷಿತ್ ಅವರ ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಆಲ್ಬಮ್ 2008ರಲ್ಲಿ ಬಂದಿತು. ಸೋರುವ ಮಾಳಿಗೆ, ಗುಡುಗುಡಿ ಮೊದಲಾದ ಷರೀಫರ ಪದಗಳಿಗೆ ಅವರು ಗಿಟಾರ್, ಪಿಟೀಲು ಮತ್ತು ಡ್ರಮ್‌ಗಳ ಹೊಸ ಮಟ್ಟು ಕಟ್ಟಿದರು. ಲುಂಗಿ ಉಟ್ಟು ಗೆಜ್ಜೆ ಕಟ್ಟಿ ವೇದಿಕೆ ಏರುವ ಈ ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಅವರ ಪ್ರಸಿದ್ಧ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಉದಯೋನ್ಮುಖ ಕಲಾವಿದ ಪ್ರಶಸ್ತಿ ಪಡೆಯಿತು.

ರಘು ಅವರ ತಮ್ಮ ವಾಸು ದೀಕ್ಷಿತ್ ಮುಖ್ಯ ಗಾಯಕರಾಗಿರುವ ‘ಸ್ವರಾತ್ಮ’ ತಂಡದ್ದು ಬೇರೆ ದಾರಿ. ಬೆಂಗಳೂರಿನ ಈ ತಂಡದ ಮೊದಲ ಆಲ್ಬಮ್ 2009ರಲ್ಲಿಯೂ, ರಾಜಕಾರಣವನ್ನು ವಿಡಂಬಿಸುವ ‘ಟೋಪಿವಾಲೆ’ 2012ರಲ್ಲಿಯೂ ಬಂದವು. ಕಾವೇರಿ ವಿವಾದವನ್ನು ನದಿಯ ಕಡೆಯಿಂದ ನೋಡುವ ಹಾಡೂ ಅವರಲ್ಲಿದೆ. ಬಣ್ಣದ ಉಡುಗೆ, ಜಾತ್ರೆಯ ಕುದುರೆ ವೇಷ ಜನಪದದವು, ಮಾತು ಇಂದಿನದು. ಹಿಂದಿಯ ಹಾಡುಗಳು ಹೆಚ್ಚಾಗಿದ್ದರೂ ಕನ್ನಡವೂ ಜೊತೆಗಿದೆ.

ಅಮೆರಿಕದ ಅಳತೆಯಲ್ಲಿ ಹೇಳುವುದಾದರೆ, ಇರುವ ಪದಗಳಿಗೆ ಹೊಸ ವಾದ್ಯ ಹೊಂದಿಸಿದ ಅಣ್ಣನ ವಿಧಾನ ಬರ್ಡ್ಸ್‌ಗೆ ಹತ್ತಿರ. ಜನಪದದ ಗುಣದಿಂದ ಹೊಸ ಹಾಡು ಬರೆದ ತಮ್ಮನ ತಂಡದ ವಿಧಾನ ದಿ ಬ್ಯಾಂಡ್ ಮತ್ತು ಕ್ರೀಡೆನ್ಸ್‌ಗೆ ಹತ್ತಿರ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಬರ್ಡ್ಸ್ ಧಾಟಿಯನ್ನು ಉಳಿಸಿಕೊಂಡಿದ್ದರು; ನಮ್ಮಲ್ಲಿ ಉಳಿದದ್ದು ಮುಖ್ಯವಾಗಿ ಸಾಹಿತ್ಯ, ಧಾಟಿ ಹೊಸದು. ಷರೀಫರ ಪದವನ್ನು ರಾಕ್ ತಂಡದಿಂದ ಮೊದಲು ಕೇಳಿದ ನಗರದ ತರುಣನಿಗೆ ಭಜನೆಯ ಮೂಲ ಧಾಟಿ ಅಪರಿಚಿತವಾಗಿಯೇ ಉಳಿಯುವ ಸಾಧ್ಯತೆ ಇದೆ.

ಹಾಡು ಯಾರ ಸೊತ್ತು?

ಹಾಡು ಹಣ ತರತೊಡಗಿದಾಗ ಅದರ ಒಡೆತನದ ಪ್ರಶ್ನೆ ಏಳುತ್ತದೆ. ದಿ ಬ್ಯಾಂಡ್ ತಂಡದ ಹೆಚ್ಚಿನ ಹಾಡುಗಳು ರಾಬಿ ರಾಬರ್ಟ್‌ಸನ್ ಹೆಸರಿನಲ್ಲಿವೆ. ಹಾಡುಗಳು ಎಲ್ಲರೂ ಕೂಡಿ ಕಟ್ಟಿದವು, ರಾಯಧನ ಮಾತ್ರ ಒಬ್ಬರಿಗೆ ಹೋಯಿತು ಎಂದು ಲೆವನ್ ಹೆಲ್ಮ್ 1993ರ ಆತ್ಮಕಥೆಯಲ್ಲಿ ದೂರಿದರು. ರಾಬರ್ಟ್‌ಸನ್ ಅದನ್ನು ಒಪ್ಪಲಿಲ್ಲ. ಹೆಲ್ಮ್ 2012ರಲ್ಲಿ, ರಾಬರ್ಟ್‌ಸನ್ 2023ರಲ್ಲಿ ತೀರಿಕೊಂಡರು, ವಿವಾದ ತೀರಲಿಲ್ಲ. ಕ್ರೀಡೆನ್ಸ್‌ನ ಫಾಗರ್ಟಿ ತಮ್ಮ ಹಾಡುಗಳ ಹಕ್ಕನ್ನು ಫ್ಯಾಂಟಸಿ ಸಂಸ್ಥೆಗೆ ಕಳೆದುಕೊಂಡರು. ಅವರ ಹೊಸ ಹಾಡು ಅವರದೇ ಹಳೆಯ ಹಾಡನ್ನು ಹೋಲುತ್ತದೆ ಎಂದು ಸಂಸ್ಥೆ ದಾವೆ ಹೂಡಿತು. 1988ರಲ್ಲಿ ತೀರ್ಪು ಫಾಗರ್ಟಿ ಪರವಾಗಿ ಬಂದಿತು. ಹಳೆಯ ಹಾಡುಗಳ ಪ್ರಕಟಣಾ ಹಕ್ಕಿನ ಹೆಚ್ಚಿನ ಪಾಲು ಅವರ ಕೈಸೇರಿದ್ದು 2023ರಲ್ಲಿ, ಅಂದರೆ ಅರ್ಧ ಶತಮಾನದ ನಂತರ.

ಕರಾವಳಿಗೂ ಈ ಪ್ರಶ್ನೆ ಹೊಸತಲ್ಲ. 2022ರಲ್ಲಿ ದೈವಾರಾಧನೆಯ ಕಥೆಯುಳ್ಳ ‘ಕಾಂತಾರ’ ಚಿತ್ರ ದೇಶವ್ಯಾಪಿ ಯಶಸ್ಸು ಕಂಡಾಗ, ಅದರ ‘ವರಾಹರೂಪಂ’ ಗೀತೆ ತಮ್ಮ ‘ನವರಸಂ’ ಹಾಡನ್ನು ಹೋಲುತ್ತದೆ ಎಂದು ಕೇರಳದ ‘ತೈಕ್ಕುಡಂ ಬ್ರಿಡ್ಜ್’ ಎಂಬ ರಾಕ್ ತಂಡ ಆರೋಪಿಸಿ ನ್ಯಾಯಾಲಯದ ಮೆಟ್ಟಿಲೇರಿತು. ಚಿತ್ರತಂಡ ಆರೋಪವನ್ನು ಅಲ್ಲಗಳೆಯಿತು. ಪ್ರಕರಣ ಕೇರಳದ ನ್ಯಾಯಾಲಯಗಳಲ್ಲಿ ಹಲವು ಹಂತ ಕಂಡಿತು. ನಡುವೆ ಕೆಲಕಾಲ ಬೇರೆ ಧಾಟಿಯ ಹಾಡಿನೊಂದಿಗೆ ಚಿತ್ರ ಪ್ರದರ್ಶಿತವಾಯಿತು.

ಇವೆಲ್ಲ ಹೆಸರುಳ್ಳವರ ವ್ಯಾಜ್ಯ. ಹೆಸರಿಲ್ಲದವರ ಸ್ಥಿತಿ ಬೇರೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರ ಹಕ್ಕು ಅವರ ಮರಣಾನಂತರ 60 ವರ್ಷ ಉಳಿಯುತ್ತದೆ. 2012ರ ತಿದ್ದುಪಡಿ ಚಿತ್ರಗೀತೆಯ ರಚನಕಾರರಿಗೂ ಸಂಗೀತ ನಿರ್ದೇಶಕರಿಗೂ ರಾಯಧನದ ಪಾಲನ್ನು ಖಚಿತಪಡಿಸಿತು. ಷರೀಫರ ಪದ ಯಾರಿಗೂ ಮುಕ್ತ. ಕರ್ತೃವೇ ಇಲ್ಲದ ಜನಪದ ಹಾಡಿಗೆ ಆ ಕಾಯ್ದೆಯಲ್ಲಿ ಪ್ರತ್ಯೇಕ ರಕ್ಷಣೆ ಇಲ್ಲ. ಧ್ವನಿಮುದ್ರಿಸಿದವರಿಗೆ ಆ ಮುದ್ರಣದ ಹಕ್ಕು ಸಿಗುತ್ತದೆ. ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಸಮುದಾಯಕ್ಕೆ ಕಾನೂನು ಏನನ್ನೂ ಕೊಡುವುದಿಲ್ಲ.

ಹೆಬ್ರಿ ದಾರಿಯ ಪಾಠ

ಹಾಗಾದರೆ ಹೆಸರು ಉಳಿಸುವ ದಾರಿ ಯಾವುದು? ಅದಕ್ಕೊಂದು ಉದಾಹರಣೆ ಇದೇ ಸೀಮೆಯಲ್ಲಿದೆ. ಉಡುಪಿಯಿಂದ ಹೆಬ್ರಿಗೆ ಬರುವ ಹಾದಿಯಲ್ಲಿ ಸಿಗುವ ಹಿರಿಯಡಕವು ಸಿರಿ ಜಾತ್ರೆಗೆ ಹೆಸರಾದ ಸ್ಥಳಗಳಲ್ಲಿ ಒಂದು. ಸಿರಿ ಎಂಬ ತುಳು ನಾಯಕಿಯ ಕಥೆ ಗದ್ದೆ ನಾಟಿಯ ಹೆಂಗಸರ ಹಾಡಿನಲ್ಲಿಯೂ ಆರಾಧನೆಯ ಪಾಡ್ದನದಲ್ಲಿಯೂ ಉಳಿದಿದೆ. 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ಜೊತೆಗೂಡಿ ಈ ಕಾವ್ಯವನ್ನು ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ ದಾಖಲಿಸಿದರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಪ್ರಕಟವಾಯಿತು. ಗ್ರಂಥದ ಶೀರ್ಷಿಕೆಯಲ್ಲಿಯೇ ಹಾಡಿದ ಗೋಪಾಲ ನಾಯ್ಕರ ಹೆಸರಿದೆ. ಲೆಸ್ಲಿ ರಿಡಲ್‌ಗೆ ದೊರೆಯದ ಮನ್ನಣೆ ಇಲ್ಲಿ ಹಾಡುಗಾರನಿಗೆ ದೊರೆಯಿತು.

ಕರಾವಳಿಯ ಹಾಡನ್ನು ಗಿಟಾರ್‌ಗೆ ಹೊಂದಿಸ ಬಯಸುವ ಇಂದಿನ ತಂಡಗಳಿಗೆ ಇದರಲ್ಲಿ ಎರಡು ಸೂಚನೆಗಳಿವೆ. ಹಾಡನ್ನು ಯಾರಿಂದ, ಯಾವ ಊರಿನಲ್ಲಿ ಕಲಿತದ್ದು ಎಂಬುದನ್ನು ಧ್ವನಿಮುದ್ರಿಕೆಯ ಮೇಲೆ ನಮೂದಿಸುವುದು, ಹಣ ಬಂದರೆ ಪಾಲು ಕೊಡುವುದು ಮೊದಲನೆಯದು. ಇದಕ್ಕೆ ಕಾನೂನಿನ ಒತ್ತಾಯ ಇಲ್ಲ, ಅಡ್ಡಿಯೂ ಇಲ್ಲ. ಎಲ್ಲ ಹಾಡೂ ವೇದಿಕೆಯ ಹಾಡಲ್ಲ ಎಂಬುದನ್ನು ಅರಿಯುವುದು ಎರಡನೆಯದು. ನಾಟಿಯ ಹಾಡು ಗದ್ದೆಯಿಂದ ಸಭಾಂಗಣಕ್ಕೆ ಬರಬಹುದು. ದೈವದ ಮುಂದೆ ಹೇಳುವ ಪಾಡ್ದನಕ್ಕೆ ಹೇಳುವವರು, ಕಾಲ, ಸ್ಥಳ ನಿಗದಿಯಾಗಿವೆ. ‘ಕಾಂತಾರ’ದ ನಂತರ ದೈವದ ವೇಷವನ್ನು ಮನರಂಜನೆಯ ವೇದಿಕೆಗಳಲ್ಲಿ ಅನುಕರಿಸಿದಾಗ ಕರಾವಳಿಯ ಆರಾಧಕರಿಂದ ಆಕ್ಷೇಪ ಬಂದದ್ದು ಇದೇ ಕಾರಣಕ್ಕೆ.

ಹೊಸದಾಗಿ ಕೇಳಲು ತೊಡಗುವವರು ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ’, ‘ಮ್ಯೂಸಿಕ್ ಫ್ರಮ್ ಬಿಗ್ ಪಿಂಕ್’ ಮತ್ತು ಕ್ರೀಡೆನ್ಸ್‌ನ 1969ರ ‘ಗ್ರೀನ್ ರಿವರ್’ ಈ ಮೂರನ್ನು ಒಂದರ ನಂತರ ಒಂದು ಕೇಳಿದರೆ ತಿಟ್ಟುಭೇದ ತಾನಾಗಿ ತಿಳಿಯುತ್ತದೆ. ಆಮೇಲೆ ಷರೀಫರ ಒಂದೇ ಪದವನ್ನು ಭಜನೆಯ ಮೇಳದಲ್ಲಿ, ಅಶ್ವತ್ಥ್ ಅವರ ಕಂಠದಲ್ಲಿ, ರಘು ದೀಕ್ಷಿತ್ ತಂಡದಲ್ಲಿ ಕೇಳಿ ನೋಡಬೇಕು. ಪ್ರತಿ ಹಂತದಲ್ಲಿ ಸೇರಿದ್ದೇನು, ಬಿಟ್ಟುಹೋದದ್ದೇನು ಎಂಬುದು ಆಗ ಸ್ಪಷ್ಟವಾಗುತ್ತದೆ.